ಮುಕುರ್ತಿಯ ಹುಲ್ಲು, ತೋಡರ ಎಮ್ಮೆ, ನಮ್ಮೂರ ಗೋಮಾಳ

ಹೋದ ತಿಂಗಳು ಬಿತ್ತನೆ ಬೆಳ್ಳುಳ್ಳಿ ನೋಡೋಣ ಅಂತ ಊಟಿಗೆ ಹೋಗಿದ್ದೆ. ರೇಟು ಕೇಳಿ ಬಾಯಿ ಮುಚ್ಚಿಕೊಂಡೆ, ಅದು ಬೇರೆ ವಿಷಯ. ನನ್ನನ್ನ ಕರ್ಕೊಂಡು ಹೋಗಿದ್ದ ಗೂಡ್ಸ್ ಗಾಡಿ ಹುಡುಗನಿಗೆ ಮಾರನೇ ದಿನವೂ ಅಲ್ಲೇ ಕೆಲಸ ಇತ್ತು. ರೂಮಲ್ಲಿ ಕೂತು ಏನು ಮಾಡೋದು ಅಂತ ಅವಲಾಂಚಿ ಬಸ್ ಹತ್ತಿದೆ. ಅಲ್ಲಿಂದ ಮುಂದಕ್ಕೆ ಅರಣ್ಯ ಇಲಾಖೆ ಗಾಡಿಯಲ್ಲೇ ಹೋಗಬೇಕು. ಹತ್ತಿಸಿ ಹತ್ತಿಸಿ ಅಪ್ಪರ್ ಭವಾನಿ ಅಣೆಕಟ್ಟಿನ ಹತ್ತಿರ ಕರ್ಕೊಂಡು ಹೋಗ್ತಾರೆ.

ಮೇಲೆ ಹೋದ ಮೇಲೆ ಕಣ್ಣು ಹಾಯಿಸಿದಷ್ಟೂ ಹುಲ್ಲು. ತೆನೆ ಬಂದ ರಾಗಿ ಹೊಲದ ಮೇಲೆ ಗಾಳಿ ಹೋದ ಹಾಗೆ ಇಡೀ ಗುಡ್ಡವೇ ಅಲೆಯಾಡ್ತಿರುತ್ತೆ. ಬೆಟ್ಟದ ಮಡಿಲಲ್ಲಿ, ನೀರು ಇಳಿಯುವ ಕಡೆ ಮಾತ್ರ ದಟ್ಟವಾದ ಗಿಡ್ಡ ಕಾಡು. ಅದಕ್ಕೆ ಶೋಲಾ ಅಂತಾರೆ. ಡ್ರೈವರ್ ಆಚೆ ದಡದ ಕಡೆ ಕೈ ತೋರಿಸಿ, ಅತ್ತ ಎಲ್ಲಾ ಮುಕುರ್ತಿ ನ್ಯಾಷನಲ್ ಪಾರ್ಕು, ಪರ್ಮಿಷನ್ ಇಲ್ಲದೆ ಕಾಲಿಡೋ ಹಾಗಿಲ್ಲ ಅಂದ. ಗಾಡಿಯಲ್ಲಿ ಬೆಂಗಳೂರಿನ ಒಂದು ಕುಟುಂಬ ಇತ್ತು. ಯಜಮಾನರು ಫೋನು ಜೇಬಿಗೆ ಹಾಕಿಕೊಂಡು ಹೆಂಡತಿಗೆ ಹೇಳಿದ್ರು, "ಏನೂ ಇಲ್ಲ ಕಣೇ ಇಲ್ಲಿ, ಬರೀ ಹುಲ್ಲು."

ಅವರ ಮೇಲೆ ನನಗೆ ಸಿಟ್ಟಿಲ್ಲ. ಇದೇ ಮಾತನ್ನ ನಾನೂ ಒಂದು ಕಾಲದಲ್ಲಿ ನಂಬಿದ್ದೆ, ನಂಬಿದ್ದಕ್ಕೆ ಕೂಲಿನೂ ತಗೊಂಡಿದ್ದೆ. ಆ ಕತೆ ಆಮೇಲೆ ಹೇಳ್ತೀನಿ. ಮೊದಲು ಈ ಹುಲ್ಲು ಯಾರದು ಅಂತ ನೋಡೋಣ.

ನಮ್ಮ ಕಡೆ ನೀಲಗಿರಿ ಅಂದ್ರೆ ಮೊದಲು ನೆನಪಾಗೋದು ಮರ. ಬೆಟ್ಟದ ಹೆಸರನ್ನ ಆಸ್ಟ್ರೇಲಿಯಾದ ಒಂದು ಮರಕ್ಕೆ ಇಟ್ಟುಬಿಟ್ಟಿದ್ದೀವಿ. ಆ ಮರ ಆ ಬೆಟ್ಟಕ್ಕೆ ಬಂದಿದ್ದು 1840ರ ದಶಕದಲ್ಲಿ, ಬ್ರಿಟಿಷರ ಕೈಯಲ್ಲಿ. ಅದಕ್ಕೂ ಮುಂಚೆ ಅಲ್ಲಿ ಮೇಲೆ ಇದ್ದದ್ದು ಹುಲ್ಲು, ಶೋಲಾ ಕಾಡು, ಎಮ್ಮೆ, ಎಮ್ಮೆ ಹಿಂದೆ ಹೋಗುವ ತೋಡರು. ಊಟಿಗೆ ನಾವು ಉದಕಮಂಡಲ ಅಂತೀವಲ್ಲ, ಅದು ಸಂಸ್ಕೃತದ ಉದಕ ಅಲ್ಲ. ತೋಡರ ಹಟ್ಟಿಗೆ ಮಂಡು ಅಂತಾರೆ. ಒಂದು ಮಂಡಿನ ಹೆಸರೇ ಬಾಯಿಂದ ಬಾಯಿಗೆ ಹೋಗಿ ಊರಿನ ಹೆಸರಾಯ್ತು.

ತೋಡರ ವಿಷಯ ಬರಹದಲ್ಲಿ ಮೊದಲು ಸಿಗೋದು ಎಲ್ಲಿ ಗೊತ್ತಾ? ನಮ್ಮ ಚಾಮರಾಜನಗರದಲ್ಲಿ! ಪಾರ್ಶ್ವನಾಥ ಬಸದಿಯ 1117ರ ಶಾಸನ ಅದು. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಪುಣಿಸ ಏನೇನು ಗೆದ್ದ ಅಂತ ಅದರಲ್ಲಿ ಪಟ್ಟಿ ಇದೆ. ತೋಡರನ್ನ ಹೆದರಿಸಿದ, ನೀಲ ಬೆಟ್ಟ ಹಿಡಿದ ಅನ್ನೋದು ಆ ಪಟ್ಟಿಯಲ್ಲೇ ಬರುತ್ತೆ. ನಾನು ಎಷ್ಟು ಸಲ ಆ ಬಸದಿ ಮುಂದೆ ಹಾದು ಹೋಗಿದ್ದೀನೋ ಲೆಕ್ಕ ಇಲ್ಲ, ಒಂದು ಸಲವೂ ನಿಂತು ನೋಡಿರಲಿಲ್ಲ. ಒಂಬೈನೂರು ವರ್ಷದ ಹಿಂದೆ ಎಮ್ಮೆ ಕಾಯೋರನ್ನ ಹೆದರಿಸಿದ್ದು ಒಬ್ಬ ದಂಡನಾಯಕನಿಗೆ ಕಲ್ಲಲ್ಲಿ ಕೊರೆಸುವಷ್ಟು ದೊಡ್ಡ ವಿಷಯ ಆಗಿತ್ತು ಅಂದ್ರೆ, ಅವರು ಆ ಬೆಟ್ಟದ ಯಜಮಾನರೇ ಆಗಿದ್ದಿರಬೇಕು ಅಂತ ನನ್ನ ಲೆಕ್ಕ.

ಆಮೇಲೆ 1603ರಲ್ಲಿ ಕೇರಳದ ಕಡೆಯಿಂದ ಫೆನಿಸಿಯೊ ಅನ್ನೋ ಪಾದ್ರಿ ಬೆಟ್ಟ ಹತ್ತಿದ. ಬೆಟ್ಟದ ಮೇಲೆ ಯಾರೋ ಹಳೇ ಕ್ರೈಸ್ತರು ಇರಬಹುದು ಅಂತ ಹುಡುಕಿಕೊಂಡು ಬಂದಿದ್ದು, ಸಿಕ್ಕಿದ್ದು ತೋಡರು ಮತ್ತು ಎಮ್ಮೆ.

ಬೆಟ್ಟದ ಮೇಲೆ ತೋಡರು ಒಬ್ಬರೇ ಇರಲಿಲ್ಲ. ಬಡಗರು ಬೇಸಾಯದವರು, ಮೈಸೂರು ಸೀಮೆಯಿಂದ ಹೋದವರು ಅನ್ನೋ ಮಾತಿದೆ. ಬಡಗ ಅಂದ್ರೆ ಬಡಗಣ ದಿಕ್ಕಿನವರು ಅಂತ. ಅವರ ಮಾತು ಕಿವಿಗೊಟ್ಟು ಕೇಳಿದ್ರೆ ನಮಗೆ ಅರ್ಧಕ್ಕರ್ಧ ತಿಳಿಯುತ್ತೆ. ದೊಡ್ಡಬೆಟ್ಟ, ಕೊಲ್ಲರಿಬೆಟ್ಟ ಅನ್ನೋ ಹೆಸರುಗಳನ್ನ ನೋಡಿದ್ರೇ ಗೊತ್ತಾಗುತ್ತೆ. ಕೋತರು ಕಬ್ಬಿಣ, ಮಡಕೆ, ವಾದ್ಯದವರು. ಕುರುಂಬರು ಕಾಡಿನವರು, ಜೇನು ತರೋರು. ತೋಡರು ಉಳುಮೆ ಮಾಡ್ತಿರಲಿಲ್ಲ, ಮಾಂಸ ತಿಂತಿರಲಿಲ್ಲ. ಹಾಲು ತುಪ್ಪ ಬಡಗರಿಗೆ ಕೊಟ್ಟು ದವಸ ತರೋರು. ಕೋತರಿಗೆ ತುಪ್ಪ, ಸತ್ತ ಎಮ್ಮೆ ಚರ್ಮ ಕೊಟ್ಟು ಕೊಡಲಿ, ಮಡಕೆ ತರೋರು. ದುಡ್ಡಿನ ಮಾತೇ ಇಲ್ಲದ ಸಂತೆ ಅದು. ಎಲ್ಲರೂ ಅಣ್ಣತಮ್ಮಂದಿರ ಹಾಗೆ ಇದ್ರು ಅಂತ ನಾನು ಹೇಳೋದಿಲ್ಲ. ಮಾಟ ಮಂತ್ರದ ಭಯ, ಜಗಳ ಎಲ್ಲಾ ಇತ್ತು. ಆದ್ರೆ ಹುಲ್ಲು ತೋಡರದು ಅನ್ನೋದರಲ್ಲಿ ತಕರಾರು ಇರಲಿಲ್ಲ.

ಈ ಎಮ್ಮೆ ನಮ್ಮ ಬಯಲು ಸೀಮೆ ಎಮ್ಮೆ ಥರ ಅಲ್ಲ. ಬೂದು ಮಿಶ್ರಿತ ಕಂದು ಬಣ್ಣ, ಮೈ ತುಂಬ ಕೂದಲು, ಕೊಂಬು ಎರಡು ಕಡೆಗೂ ಅಗಲಕ್ಕೆ ಹೋಗಿ ತುದಿಯಲ್ಲಿ ಒಳಗೆ ಬಾಗಿರುತ್ತೆ. ಹುಲಿಗೂ ಸುಲಭಕ್ಕೆ ಹಿಂದೆ ಸರಿಯೋದಲ್ಲ. ಪ್ರತಿ ಎಮ್ಮೆಗೂ ಹೆಸರಿದೆ. ದೇವರ ಮಂದೆ ಬೇರೆ, ಮನೆ ಮಂದೆ ಬೇರೆ. ದೇವರ ಎಮ್ಮೆ ಹಾಲು ಕರೆದು ಕಡೆಯುವ ಮನೆಯೇ ಅವರಿಗೆ ಗುಡಿ. ಅಲ್ಲಿಗೆ ಹೆಂಗಸರು ಹೋಗೋ ಹಾಗಿಲ್ಲ, ಹಾಲಿನ ಕೆಲಸ ಪೂರಾ ಗಂಡಸರದು. ಇದನ್ನ ಮನೇಲಿ ಹೇಳಿದ್ದಕ್ಕೆ ನನ್ನ ಹೆಂಡತಿ, "ಒಳ್ಳೇದಾಯ್ತು, ನಾಳೆಯಿಂದ ನೀವೇ ಕರೀರಿ" ಅಂತ ಚೊಂಬು ನನ್ನ ಕೈಗೆ ಕೊಟ್ಟಳು. 1901-02ರಲ್ಲಿ ರಿವರ್ಸ್ ಅನ್ನೋ ಇಂಗ್ಲಿಷ್ ಡಾಕ್ಟರು ಇವರ ಜೊತೆ ಇದ್ದು ದೊಡ್ಡ ಪುಸ್ತಕ ಬರೆದ, 1906ರಲ್ಲಿ ಬಂತು. ಅದರಲ್ಲಿ ಅವರ ಹುಟ್ಟಿನ ಕತೆ ಇದೆ. ದೇವರು ಕುಂದಾ ಬೆಟ್ಟದ ಮೇಲೆ ನಿಂತು ನೆಲದೊಳಗಿಂದ ಎಮ್ಮೆಗಳನ್ನ ಒಂದರ ಹಿಂದೆ ಒಂದು ಎಬ್ಬಿಸಿದ. ಕೊನೇ ಎಮ್ಮೆ ಬಾಲ ಹಿಡ್ಕೊಂಡು ಒಬ್ಬ ಮನುಷ್ಯ ಮೇಲೆ ಬಂದ. ಅವನೇ ಮೊದಲನೇ ತೋಡ. ಮೊದಲು ಎಮ್ಮೆ, ಆಮೇಲೆ ಮನುಷ್ಯ. ಸತ್ತ ಮೇಲೂ ಹಾಗೇ. ಜೀವ ಪಶ್ಚಿಮಕ್ಕೆ, ಮುಕುರ್ತಿ ಶಿಖರದ ದಾರಿಯಲ್ಲೇ ಆ ಲೋಕಕ್ಕೆ ಹೋಗುತ್ತೆ, ಜೊತೆಗೆ ಎಮ್ಮೆಯ ಜೀವವೂ ಹೋಗುತ್ತೆ ಅಂತ ಅವರ ನಂಬಿಕೆ.

ಈಗ ಹುಲ್ಲಿನ ಲೆಕ್ಕ. ದನ ಸಾಕಿದವರು ಇದನ್ನ ಗಮನ ಇಟ್ಟು ಓದಿ.

ಡಿಸೆಂಬರ್, ಜನವರಿಯಲ್ಲಿ ಅಲ್ಲಿ ರಾತ್ರಿ ಹಿಮ ಬೀಳುತ್ತೆ. ಬೆಳಗ್ಗೆ ಎದ್ದು ನೋಡಿದ್ರೆ ಸುಣ್ಣ ಎರಚಿದ ಹಾಗೆ ಬೆಳ್ಳಗಿರುತ್ತೆ. ಹುಲ್ಲು ಸುಟ್ಟುಕೊಂಡು ಕಂದು ಬಣ್ಣಕ್ಕೆ ತಿರುಗುತ್ತೆ. ಆಗ ತೋಡರು ಮಂದೆ ಹೊಡ್ಕೊಂಡು ಊಟಿ ಕಡೆಯಿಂದ ಪಶ್ಚಿಮಕ್ಕೆ, ಕುಂದಾ, ಮುಕುರ್ತಿ ಕಡೆ ಹೋಗೋರು. ಆ ಕಡೆ ತೇವ ಜಾಸ್ತಿ, ಜೌಗು ಜಾಸ್ತಿ, ಹಸಿರು ಉಳಿದಿರುತ್ತೆ. ಅಲ್ಲಿ ಬೇಸಿಗೆ ಹಟ್ಟಿ, ಕಲ್ಲಿನ ಗುಂಡು ದೊಡ್ಡಿ, ಹಾಲಿನ ಗುಡಿ ಎಲ್ಲಾ ಬೇರೆ. ಮುಂಗಾರು ಅಲ್ಲಿ ಜೋರಾಗಿ ಬಡಿಯೋಕೆ ಶುರು ಮಾಡಿದ ಕೂಡಲೇ ವಾಪಸ್ಸು. ಇತ್ತ ಮಂದೆ ಇದ್ದಾಗ ಅತ್ತಲ ಹುಲ್ಲಿಗೆ ವಿಶ್ರಾಂತಿ, ಅತ್ತ ಇದ್ದಾಗ ಇತ್ತಲದಕ್ಕೆ. ಒಣಗಿದ ಹುಲ್ಲಿಗೆ ಅಲ್ಲೊಂದು ತುಂಡು ಇಲ್ಲೊಂದು ತುಂಡು ಬೆಂಕಿ ಕೊಡೋರು. ಎಲ್ಲಾ ಕಡೆ ಅಲ್ಲ, ನೆಲದಲ್ಲಿ ಇನ್ನೂ ತೇವ ಇರುವಾಗ, ಶೋಲಾ ಕಾಡಿಗೆ ತಗುಲದ ಹಾಗೆ. ಕಡ್ಡಿ ಸುಟ್ಟು ಬುಡದಿಂದ ಎಳೆ ಚಿಗುರು ಬರುತ್ತೆ. ಎಮ್ಮೆಗೂ ಅದೇ ಬೇಕು, ಅಲ್ಲಿನ ವರಯಾಡು ಅನ್ನೋ ಕಾಡುಮೇಕೆಗೂ ಅದೇ ಬೇಕು. ಕಾಲಕಾಲಕ್ಕೆ ಉಪ್ಪಿನ ಶಾಸ್ತ್ರ ಇತ್ತು. ನೆಲದಲ್ಲಿ ಗುಳಿ ತೋಡಿ ನೀರು ತುಂಬಿ ಉಪ್ಪು ಕದಡಿ ಮಂದೆಗೆ ಕುಡಿಸೋದು. ಇದನ್ನ ಓದಿದಾಗ ನಮ್ಮಪ್ಪ ನೆನಪಾದ, ಯಾಕೆ ಅಂತ ಕೊನೆಗೆ ಗೊತ್ತಾಗುತ್ತೆ.

1799ರಲ್ಲಿ ಟಿಪ್ಪು ಬಿದ್ದ ಮೇಲೆ ಬೆಟ್ಟ ಕಂಪನಿ ಪಾಲಾಯ್ತು. ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್ 1819ರಲ್ಲಿ ಮೇಲೆ ಹತ್ತಿದ. ಕೆಲವೇ ವರ್ಷದಲ್ಲಿ ಊಟಿಯಲ್ಲಿ ಕಲ್ಲಿನ ಮನೆ ಕಟ್ಟಿದ. ತೋಡರ ಹತ್ತಿರ ಎಕರೆಗೆ ಒಂದು ರೂಪಾಯಿ ಕೊಟ್ಟು ನೆಲ ತಗೊಂಡ. ಒಂದು ರೂಪಾಯಿ ಅಂತ ನಗಬೇಡಿ, ಅವನು ಕೊಟ್ಟಾದ್ರೂ ಕೊಟ್ಟ, ಈ ನೆಲ ತೋಡರದ್ದೇ ಅಂತ ಸರ್ಕಾರದ ಜೊತೆ ವಾದ ಮಾಡಿದವನೂ ಅವನೇ. ಆಮೇಲೆ ಬಂದವರಿಗೆ ಆ ವಾದ ರುಚಿಸಲಿಲ್ಲ. ಉಳುಮೆ ಆಗದ ನೆಲ, ಬೇಲಿ ಇಲ್ಲದ ನೆಲ ಅಂದ್ರೆ ಪಾಳು, ಪಾಳು ಅಂದ್ರೆ ಸರ್ಕಾರದ್ದು. 1882ರಲ್ಲಿ ಮದ್ರಾಸ್ ಅರಣ್ಯ ಕಾಯ್ದೆ ಬಂತು. ಮರವೇ ಇಲ್ಲದ ಹುಲ್ಲುಗಾವಲು ಕಾಗದದಲ್ಲಿ ಅರಣ್ಯ ಆಯ್ತು. ಬೆಂಕಿ ಇಡೋದು ಅಪರಾಧ ಆಯ್ತು. ಊಟಿ ಪಕ್ಕದ ಹುಲ್ಲಿನ ದಿಣ್ಣೆಗಳಿಗೆ ಗವರ್ನರ್ ಹೆಸರಿಟ್ಟು ವೆನ್ಲಾಕ್ ಡೌನ್ಸ್ ಅಂದ್ರು. ಸಾಹೇಬರು ಕೆಂಪು ಕೋಟು ಹಾಕ್ಕೊಂಡು ಕುದುರೆ ಮೇಲೆ ನಾಯಿ ಗುಂಪು ಬಿಟ್ಟು ಅಲ್ಲಿ ನರಿ ಅಟ್ಟೋರು. ನಮ್ಮ ಸಿನಿಮಾದವರು ಹೀರೋ ಹೀರೋಯಿನ್ ಓಡಾಡಿಸಿದ್ದೂ ಅಲ್ಲೇ. ಆ ಹುಲ್ಲು ಅಷ್ಟು ಚೆನ್ನಾಗಿ ಯಾಕಿದೆ ಅಂತ ಇಬ್ಬರೂ ಕೇಳಲಿಲ್ಲ.

ನಿಜವಾದ ಪೆಟ್ಟು ಬಿದ್ದದ್ದು ಸ್ವಾತಂತ್ರ್ಯ ಬಂದ ಮೇಲೆ, ಇದನ್ನ ಹೇಳೋಕೆ ಬೇಜಾರಾಗುತ್ತೆ. ಕುಂದಾ ವಿದ್ಯುತ್ ಯೋಜನೆ 1950ರ ದಶಕದಲ್ಲಿ ಶುರುವಾಯ್ತು. ಕೆನಡಾದವರ ನೆರವು, ಒಂದರ ಹಿಂದೆ ಒಂದು ಅಣೆಕಟ್ಟು. ಹೊಂಡದ ಹುಲ್ಲು ನೀರಿನಡಿ ಹೋಯ್ತು. ಕರೆಂಟು ಬೇಡ ಅನ್ನೋಕೆ ನಾನು ಯಾರು, ನನ್ನ ಬೋರ್‌ವೆಲ್ ಓಡೋದೂ ಕರೆಂಟಲ್ಲೇ. ಆದ್ರೆ ದಿಣ್ಣೆ ಮೇಲಿನ ಹುಲ್ಲಿಗೆ ಮರ ನೆಟ್ಟಿದ್ದಕ್ಕೆ ಆ ಸಮಾಧಾನವೂ ಇಲ್ಲ. ಚರ್ಮ ಹದ ಮಾಡೋ ಟ್ಯಾನಿನ್‌ಗೆ ಅಂತ ವಾಟಲ್, ನೂಲಿಗೆ, ಕಾಗದಕ್ಕೆ ಅಂತ ನೀಲಗಿರಿ, ಜೊತೆಗೆ ಪೈನ್. ವಾಟಲ್ ನಮ್ಮ ಜಾಲಿಯ ದಾಯಾದಿ, ಹಳದಿ ಹೂ ಬಿಡುತ್ತೆ, ಅದೂ ಆಸ್ಟ್ರೇಲಿಯಾದ್ದು. ಸಾವಿರಾರು ಎಕರೆ ಹುಲ್ಲಿನ ಮೇಲೆ ಸಾಲು ಸಾಲು ಗುಂಡಿ. ಪಕ್ಕದ ಪಳನಿ ಬೆಟ್ಟದಲ್ಲಿ ಉಪಗ್ರಹದ ಚಿತ್ರ ಇಟ್ಟುಕೊಂಡು ಲೆಕ್ಕ ಹಾಕಿದ್ದಾರೆ. ನಲವತ್ತು ವರ್ಷದಲ್ಲಿ ಹುಲ್ಲುಗಾವಲು ಮೂರರಲ್ಲಿ ಎರಡು ಪಾಲು ಹೋಗಿದೆ, ಪ್ಲಾಂಟೇಶನ್‌ಗೆ ಮತ್ತು ಬೇಸಾಯಕ್ಕೆ.

ನೀರಿನ ಲೆಕ್ಕವೂ ಇದೆ. ಊಟಿ ಹತ್ತಿರ ಗ್ಲೆನ್‌ಮಾರ್ಗನ್‌ನಲ್ಲಿ ಮಣ್ಣು ನೀರಿನ ಸಂಶೋಧನೆಯವರು ಅಕ್ಕಪಕ್ಕದ ಎರಡು ಹುಲ್ಲಿನ ಕಣಿವೆ ಹಿಡಿದು, 1972ರಲ್ಲಿ ಒಂದರಲ್ಲಿ ನೀಲಗಿರಿ ನೆಟ್ಟು, ಇನ್ನೊಂದನ್ನ ಹುಲ್ಲಾಗೇ ಬಿಟ್ಟು ಹಳ್ಳದ ನೀರು ಅಳೆದ್ರು. ಪೂರಾ ಕಣಿವೆಗೂ ನೆಟ್ಟಿರಲಿಲ್ಲ, ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೇ. ಮೊದಲ ಹತ್ತು ವರ್ಷದಲ್ಲೇ ನೀರು ಸುಮಾರು 16% ಕಡಿಮೆ. ಕಡಿದ ಮೇಲೆ ಬುಡದಿಂದ ಚಿಗುರಿದ ಎರಡನೇ ಬೆಳೆಗೆ ಇನ್ನೂ ಜಾಸ್ತಿ ಕಡಿಮೆಯಾಯ್ತು. ಮುಕುರ್ತಿ ಶಿಖರದ ಕಡೆ ಹುಟ್ಟುವ ಪೈಕಾರ ಕೆಳಗಿಳಿದು ಮೊಯಾರ್ ಆಗುತ್ತೆ, ನಮ್ಮ ಬಂಡೀಪುರಕ್ಕೂ ಮುದುಮಲೈಗೂ ನಡುವಿನ ಗಡಿ ಅದೇ. ಮೇಲಿನ ಹುಲ್ಲಿನ ಸಮಾಚಾರ ನಮಗ್ಯಾಕೆ ಅನ್ನೋ ಹಾಗಿಲ್ಲ.

1982ರಲ್ಲಿ ಮುಕುರ್ತಿ ಅಭಯಾರಣ್ಯ ಆಯ್ತು, 1990ರಲ್ಲಿ ರಾಷ್ಟ್ರೀಯ ಉದ್ಯಾನ. 78 ಚದರ ಕಿಲೋಮೀಟರ್ ಚಿಲ್ಲರೆ. ವರಯಾಡು ಉಳಿಸಬೇಕು ಅನ್ನೋದು ಮುಖ್ಯ ಕಾರಣ, ಒಳ್ಳೇ ಕಾರಣವೇ. ಇನ್ನು ಮುಂದೆ ಅಲ್ಲಿ ಯಾರೂ ಮರ ನೆಡೋ ಹಾಗಿಲ್ಲ, ಅಣೆ ಕಟ್ಟೋ ಹಾಗಿಲ್ಲ. ಆದ್ರೆ 1972ರ ವನ್ಯಜೀವಿ ಕಾಯ್ದೆ ಪ್ರಕಾರ ರಾಷ್ಟ್ರೀಯ ಉದ್ಯಾನದೊಳಗೆ ಸಾಕುಪ್ರಾಣಿ ಮೇಯಿಸೋ ಹಾಗೇ ಇಲ್ಲ. ಅಂದ್ರೆ ಹುಲ್ಲು ಉಳಿಸೋಕೆ ಪಾರ್ಕು ಮಾಡಿದ್ರು, ಆ ಹುಲ್ಲು ಮೇಯಿಸಿಕೊಂಡು ಬಂದ ಎಮ್ಮೆ ಮಾತ್ರ ಗೇಟಿನ ಆಚೆ. ಒಳಗಿದ್ದ ವಾಟಲ್ ಒಳಗೇ ಇತ್ತು. ಅದರ ಬೀಜ ಹತ್ತಾರು ವರ್ಷ ಮಣ್ಣಲ್ಲಿ ಜೀವ ಹಿಡ್ಕೊಂಡು ಮಲಗಿರುತ್ತೆ. ಮರ ಕಡಿದ್ರೆ ಬೆಳಕು ಬೀಳುತ್ತೆ, ಬೆಳಕು ಬಿದ್ದ ಕಡೆ ಬತ್ತದ ಮಡಿಯ ಹಾಗೆ ಸಸಿ ಏಳುತ್ತೆ. ಅದರ ಜೊತೆಗೆ ಸಾಹೇಬರು ತೋಟಕ್ಕೆ ಅಂತ ತಂದ ಸ್ಕಾಚ್ ಬ್ರೂಮ್ ಅನ್ನೋ ಪೊದೆ ಬೇರೆ. ಮೇಯದ, ಸುಡದ ಹುಲ್ಲು ವರ್ಷದ ಮೇಲೆ ವರ್ಷ ಒಣಗಿ ಪೇರಿಕೊಂಡಿರುತ್ತೆ. ಬೇಸಿಗೆಯಲ್ಲಿ ಯಾವನೋ ಬೀಡಿ ಎಸೆದ್ರೆ ಆ ಬೆಂಕಿಯನ್ನ ಯಾರೂ ತಡೆಯೋಕಾಗಲ್ಲ.

ಇಲ್ಲಿ ಒಂದು ಮಾತು ನ್ಯಾಯವಾಗಿ ಹೇಳಬೇಕು. ಆ ಹುಲ್ಲುಗಾವಲನ್ನ ತೋಡರೇ ಕಾಡು ಕಡಿದು ಮಾಡಿದ್ದು ಅಂತ ಮುಂಚೆ ಕೆಲವರು ಅಂದುಕೊಂಡಿದ್ರು. ಅದು ಸರಿಯಲ್ಲ. ನೀಲಗಿರಿಯ ಜೌಗಿನ ಕಪ್ಪು ಮಣ್ಣನ್ನ ಪರೀಕ್ಷೆ ಮಾಡಿದವರು 1993ರಲ್ಲಿ ಪ್ರಕಟ ಮಾಡಿದ ಪ್ರಕಾರ, 20,000 ವರ್ಷದ ಹಿಂದೆಯೇ ಅಲ್ಲಿ ಹುಲ್ಲಿತ್ತು. ಹಿಮ, ಗಾಳಿ, ಒಣ ಹವೆ ಮೊದಲೇ ಮಾಡಿಟ್ಟಿದ್ದು. ನಾನು ತಿಳ್ಕೊಂಡಿರೋದು ಇಷ್ಟು, ಹುಲ್ಲು ಹುಟ್ಟಿದ್ದು ತನ್ನ ಪಾಡಿಗೆ, ಮೈತುಂಬಿಕೊಂಡು ಉಳಿದದ್ದು ಎಮ್ಮೆ ಬಾಯಲ್ಲಿ, ತೋಡನ ಬೆಂಕಿಯಲ್ಲಿ. ಕೇರಳದ ಮುನ್ನಾರ್ ಹತ್ತಿರ ಎರವಿಕುಲಂ ಅಂತ ಇದೆ, ಅದೂ ವರಯಾಡಿನ ಪಾರ್ಕೇ, 1978ರದ್ದು. ಅಲ್ಲಿ ಮುದುವಾನ್ ಜನರ ಕೈಯಲ್ಲೇ ಹುಲ್ಲಿನ ತುಂಡು ತುಂಡಿಗೆ ಸರದಿ ಪ್ರಕಾರ ಬೆಂಕಿ ಕೊಡಿಸೋ ರೂಢಿ ನಡ್ಕೊಂಡು ಬಂದಿದೆ. ಅದೇ ಹುಲ್ಲು, ಅದೇ ಪ್ರಾಣಿ, ಗಡಿ ದಾಟಿದ್ರೆ ಒಂದು ಕಡೆ ಬೆಂಕಿ ಮದ್ದು, ಇನ್ನೊಂದು ಕಡೆ ಅಪರಾಧ.

ಈಗ ಮುಕುರ್ತಿ ಕಡೆ ವಾಟಲ್ ಕೀಳ್ತಿದ್ದಾರೆ. ಹೈಕೋರ್ಟ್‌ವರೆಗೂ ಹೋಗಿ ಬಂದ ವಿಷಯ. ಕಿತ್ತ ಜಾಗಕ್ಕೆ ಹುಲ್ಲಿನ ನರ್ಸರಿ ಮಾಡಿ ಹುಲ್ಲು ನಾಟಿ ಮಾಡ್ತಾರೆ. ಹುಲ್ಲಿಗೆ ನರ್ಸರಿ!

ಅವಲಾಂಚಿಯಿಂದ ವಾಪಸ್ ಬಂದ ಸಂಜೆ ಊಟಿ ಅಂಚಿನ ಒಂದು ಮಂಡಿಗೆ ಹೋದೆ. ಪೀಪಾಯಿ ಅಡ್ಡ ಮಲಗಿಸಿದ ಹಾಗಿನ ಒಂದು ಹಳೇ ಮನೆ, ಸುತ್ತ ತಾರಸಿ ಮನೆಗಳು, ಕ್ಯಾರೆಟ್ ಹೊಲ. ಕಟ್ಟೆ ಮೇಲೆ ಕೂತಿದ್ದ ಹಿರಿಯರು ಬಡಗ ಮಾತಾಡಿದ್ರು, ನಾನು ನಮ್ಮ ಮಾತು, ಹೇಗೋ ನಡೀತು. ಮೊದಲು ಅವರು ಕೇಳಿದ್ದು, ನಿನ್ನ ಹತ್ತಿರ ಎಷ್ಟು ಎಮ್ಮೆ? ಎಮ್ಮೆ ಇಲ್ಲ, ಎರಡು ಸೀಮೆಹಸು ಅಂದೆ. ಎಲ್ಲಿ ಮೇಯುತ್ತೆ? ಎಲ್ಲೂ ಇಲ್ಲ, ಕೊಟ್ಟಿಗೇಲಿ ಕಟ್ಟಿ ಹಾಕ್ತೀವಿ, ಫೀಡು ತರ್ತೀವಿ ಅಂದೆ. ಅವರು ಸ್ವಲ್ಪ ಹೊತ್ತು ನನ್ನನ್ನ ನೋಡಿದ್ರು, ಏನೂ ಹೇಳಲಿಲ್ಲ. ಅವರ ಅಜ್ಜನ ಕಾಲದಲ್ಲಿ ನೂರರ ಮೇಲೆ, ಈಗ ಒಂಬತ್ತು. ಗುಡಿ ಸೂರಿಗೆ ಜೌಗಿನಲ್ಲಿ ಬೆಳೆಯೋ ಒಂದೇ ಜಾತಿ ಹುಲ್ಲು ಬೇಕು, ಆವ್‌ಫುಲ್ ಅಂತಾರೆ, ನೀಲಗಿರಿ ಬಿಟ್ಟು ಬೇರೆಲ್ಲೂ ಇಲ್ಲ. ಮುಂಚೆ ಮಂಡಿನ ಕೆಳಗೇ ಸಿಗ್ತಿತ್ತಂತೆ. ಈಗ ಸೂರು ಬದಲಾಯಿಸಬೇಕಾದ್ರೆ ದೂರ ಹುಡುಕಿಕೊಂಡು ಹೋಗಬೇಕು.

ಈಗ ನನ್ನ ಕತೆ. 1986ರಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆದು ಮನೇಲಿದ್ದೆ. ನಮ್ಮೂರಿನ ಗೋಮಾಳ ನೂರು ಎಕರೆ ಹತ್ತಿರ ಇತ್ತು. ಮೂರು ಊರಿನ ದನ ಅಲ್ಲೇ. ಗಿಡ ನೆಡಿಸೋರು ಬಂದ್ರು. ಖರಾಬು ಜಾಗ, ಏನೂ ಇಲ್ಲ, ಬರೀ ಹುಲ್ಲು, ಹಸಿರು ಮಾಡ್ತೀವಿ ಅಂದ್ರು. ಹಸಿರಾಗೇ ಇತ್ತಲ್ಲ ಅಂತ ಒಬ್ಬರೂ ಕೇಳಲಿಲ್ಲ. ಓದಿದ ಹುಡುಗ ಅಂತ ನನಗೆ ಲೆಕ್ಕ ಬರೆಯೋ ಕೆಲಸವೂ ಸೇರಿ ದಿನಕ್ಕೆ ಎಂಟು ರೂಪಾಯಿ. ಬೇಸಿಗೆ ಪೂರ್ತಿ ಗುಂಡಿ ತೋಡಿದ್ವಿ, ಜೂನ್ ಮಳೆಗೆ ನೀಲಗಿರಿ ಸಸಿ ಇಟ್ವಿ. ಮೊದಲ ವಾರದ ದುಡ್ಡಲ್ಲಿ ಹವಾಯಿ ಚಪ್ಪಲಿ ತಗೊಂಡೆ. ಸಸಿ ಕಾಯೋಕೆ ಅಂತ ದನ ಬಿಡೋದು ನಿಲ್ಲಿಸಿದ್ರು. ನಮ್ಮಪ್ಪನ ಹತ್ತಿರ ಹನ್ನೊಂದು ರಾಸು ಇತ್ತು, ಹಳ್ಳಿಕಾರ್. ಮೂರು ವರ್ಷದಲ್ಲಿ ಎರಡಕ್ಕೆ ಬಂತು. ಅಪ್ಪ ನನಗೆ ಒಂದು ಮಾತೂ ಅನ್ನಲಿಲ್ಲ. ಚಪ್ಪಲಿ ಚೆನ್ನಾಗಿದೆಯಾ ಅಂತ ಮಾತ್ರ ಒಂದು ದಿನ ಕೇಳಿದ.

ಗೋಮಾಳದ ಕೆಳಗಿನ ಕಟ್ಟೆ ಈಗ ಮಳೆಗಾಲದಲ್ಲೂ ತುಂಬೋದು ಅಪರೂಪ. 2017ರಲ್ಲಿ ನಮ್ಮ ಸರ್ಕಾರ ನೀಲಗಿರಿ ನೆಡೋದನ್ನೇ ನಿಷೇಧ ಮಾಡಿತು. ಹೊಸದಾಗಿ ಯಾರೂ ನೆಡ್ತಿಲ್ಲ, ಆದ್ರೆ ಹಳೇದು ಕಡಿದಷ್ಟೂ ಬುಡದಿಂದ ನಾಲ್ಕು ನಾಲ್ಕು ಕವಲು ಏಳುತ್ತೆ.

ಊಟಿಯಿಂದ ಬಂದ ಭಾನುವಾರ ಗೋಮಾಳಕ್ಕೆ ಹೋಗಿದ್ದೆ. ನಮ್ಮಪ್ಪ ಅಮಾವಾಸ್ಯೆಗೆ ಅಮಾವಾಸ್ಯೆಗೆ ದನಕ್ಕೆ ಉಪ್ಪು ಇಡ್ತಿದ್ದ ಒಂದು ಚಪ್ಪಟೆ ಬಂಡೆ ಅಲ್ಲಿತ್ತು. ಮರದ ನಡುವೆ ಗುರುತು ಸಿಗದೆ ಅರ್ಧ ಗಂಟೆ ಅಲೆದೆ. ಸಿಕ್ಕಿತು. ಒಂದು ಗೇಣು ಒಣಗಿದ ನೀಲಗಿರಿ ಎಲೆ ಮುಚ್ಚಿಕೊಂಡಿತ್ತು. ಕೈಯಲ್ಲೇ ಬಾಚಿ ತೆಗೆದೆ. ಗುಳಿ ಹಾಗೇ ಇದೆ, ದನದ ನಾಲಿಗೆ ಸವೆಸಿದ ಕಡೆ ಕಲ್ಲು ಇನ್ನೂ ನುಣ್ಣಗಿದೆ.